ಉಚಿತವೂ ಔಚಿತ್ಯವೂ

ಸಂಸ್ಕೃತದಲ್ಲಿ ‘ಉಚಿತ’ವೆಂದರೆ ತಕ್ಕದ್ದು, ಯೋಗ್ಯವಾದದ್ದು ಎಂದರ್ಥ. ಅದೇ ಶಬ್ದವು ಕನ್ನಡಕ್ಕೆ ಬಂದು, ಆ ಅರ್ಥವನ್ನು ಉಳಿಸಿಕೊಂಡೇ, ಬೆಲೆಯಿಲ್ಲದೆ ದೊರೆಯುವುದು ಎಂಬ ಮತ್ತೊಂದು ಅರ್ಥವನ್ನೂ ಪಡೆದಿದೆ. ಈ ಅರ್ಥಾಂತರವು ಹೇಗೆ ಉಂಟಾಯಿತೆಂಬುದನ್ನು ಶಬ್ದಶಾಸ್ತ್ರಜ್ಞರು ವಿಚಾರಿಸಲಿ. ಎರಡು ಅರ್ಥಗಳೂ ಒಂದೇ ಮಾತಿನಲ್ಲಿ ಒಟ್ಟಿಗೆ ವಾಸವಾಗಿರುವುದರಿಂದ ಧರ್ಮಜಿಜ್ಞಾಸುವಿಗೆ ಒಂದು ಪ್ರಶ್ನೆಯು ತಾನಾಗಿಯೇ ಎದುರಾಗುತ್ತದೆ: ಬೆಲೆಯಿಲ್ಲದೆ ಕೊಡುವುದೆಲ್ಲವೂ ತಕ್ಕದ್ದೇ? ಊರಿನ ಹುಡುಗ ಹುಡುಗಿಯರಿಗೆ ಸಂಗೀತವನ್ನೂ ನಾಟಕವನ್ನೂ ಶುಲ್ಕವಿಲ್ಲದೆ ಕಲಿಸುವುದು ಸಮಾಜದ ಕರ್ತವ್ಯವೇ, ಅಥವಾ ಉಳ್ಳವರ ಔದಾರ್ಯವೇ? ಹಾಗೆ ಕಲಿತವರ ಮೇಲೆ ಯಾವುದಾದರೂ ಹೊಣೆ ಬೀಳುತ್ತದೆಯೇ?

ಈ ಪ್ರಶ್ನೆಯು ಬರಿಯ ತರ್ಕವಿನೋದವಲ್ಲ. ಇಂದು ಪಟ್ಟಣಗಳಲ್ಲಿ ಸಂಗೀತದ ತರಗತಿಗಳಿಗೂ ಬೇಸಗೆಯ ರಂಗಶಿಬಿರಗಳಿಗೂ ಕೊರತೆಯಿಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವು ಶುಲ್ಕವನ್ನು ಕೊಡಬಲ್ಲವರ ಮಕ್ಕಳಿಗೆ ಮಾತ್ರ ತೆರೆದಿವೆ. ಒಳಗೆ ಸರಳೆಯ ಪಾಠ ನಡೆಯುತ್ತಿರುವಾಗ ಹೊರಗೆ ತರಕಾರಿಯ ಗಾಡಿಯ ಪಕ್ಕದಲ್ಲಿ ನಿಂತ ಹುಡುಗಿಯು ಅದನ್ನೇ ಗುನುಗುತ್ತಿರಬಹುದು. ಅವಳ ಕಂಠವು ಒಳಗಿರುವವರ ಕಂಠಕ್ಕಿಂತ ಇಂಪಾಗಿಯೂ ಇರಬಹುದು. ಶಾರದೆಯು ಕಂಠವನ್ನು ಕೊಡುವಾಗ ತಂದೆಯ ವರಮಾನವನ್ನು ಕೇಳುವುದಿಲ್ಲ. ಆ ಕಂಠವು ಕೇಳುವವರಿಲ್ಲದೆ ಬತ್ತಿಹೋದರೆ ನಷ್ಟವು ಆ ಹುಡುಗಿಯೊಬ್ಬಳದೇ ಅಲ್ಲ.

ಭರತಮುನಿಯ ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯದಲ್ಲಿ ಬರುವ ಉತ್ಪತ್ತಿಕಥೆಯು ಇಲ್ಲಿ ಸ್ಮರಣೀಯವಾಗಿದೆ. ನೋಡುವುದಕ್ಕೂ ಕೇಳುವುದಕ್ಕೂ ಯೋಗ್ಯವಾದ ಒಂದು ಕ್ರೀಡಾಸಾಧನವನ್ನು ಕರುಣಿಸಬೇಕೆಂದು ದೇವತೆಗಳು ಬ್ರಹ್ಮನನ್ನು ಪ್ರಾರ್ಥಿಸಿದರು. ನಾಲ್ಕು ವೇದಗಳು ಎಲ್ಲರ ಕಿವಿಗೂ ಬೀಳುವಂತಿರಲಿಲ್ಲವಾದುದರಿಂದ, ಎಲ್ಲ ವರ್ಣದವರಿಗೂ ಸಲ್ಲತಕ್ಕ ಐದನೆಯ ವೇದವೊಂದು ಬೇಕೆಂಬುದು ಅವರ ಕೋರಿಕೆಯಾಗಿತ್ತು. ಈ ಕಥೆಯನ್ನು ಇತಿಹಾಸವೆಂದು ನಂಬಬೇಕಾಗಿಲ್ಲ. ಅದರ ಆಶಯವನ್ನು ಗ್ರಹಿಸಿದರೆ ಸಾಕು. ಬೇರೆ ವಿದ್ಯೆಗಳ ಬಾಗಿಲು ಮುಚ್ಚಿದ್ದವರಿಗಾಗಿಯೇ ತೆರೆದ ಬಾಗಿಲು ನಾಟ್ಯವೆಂದು ಆ ಶಾಸ್ತ್ರವು ತನ್ನ ಹುಟ್ಟನ್ನು ಹೇಳಿಕೊಳ್ಳುತ್ತದೆ. ಅಂತಹ ವಿದ್ಯೆಗೆ ಹಣದ ಬೀಗವನ್ನು ಹಾಕುವುದು ಅದರ ಜನ್ಮೋದ್ದೇಶಕ್ಕೇ ವಿರುದ್ಧವಾದೀತು.

ಆದರೂ ಪೂರ್ವಪಕ್ಷವಿಲ್ಲದಿಲ್ಲ. ಮೂರು ಆಕ್ಷೇಪಣೆಗಳು ಸಾಮಾನ್ಯವಾಗಿ ಕೇಳಿಬರುತ್ತವೆ. ಹಸಿದ ಮಗುವಿಗೆ ಮೊದಲು ಅನ್ನ, ಆಮೇಲೆ ಅಕ್ಷರ. ಸಂಗೀತ ನಾಟಕಗಳು ಹೊಟ್ಟೆ ತುಂಬಿದ ಮೇಲಿನ ಮಾತು ಎಂಬುದು ಮೊದಲನೆಯದು. ಬಿಟ್ಟಿಯಾಗಿ ಕಲಿಸಿದರೆ ಕಲಿಸುವವನು ಬದುಕುವುದೆಂತು ಎಂಬುದು ಎರಡನೆಯದು. ಬಿಟ್ಟಿಯಾಗಿ ದೊರೆತುದಕ್ಕೆ ಬೆಲೆಯಿರುವುದಿಲ್ಲ, ಹುಡುಗರು ಅದನ್ನು ಲಘುವಾಗಿ ಕಾಣುತ್ತಾರೆ ಎಂಬುದು ಮೂರನೆಯದು. ಮೂರರಲ್ಲಿಯೂ ಸತ್ಯಾಂಶವುಂಟು, ಆದುದರಿಂದ ಒಂದೊಂದನ್ನೂ ವಿಚಾರಿಸತಕ್ಕದ್ದು.

ಮೊದಲನೆಯ ಆಕ್ಷೇಪಣೆಗೆ ಉತ್ತರವನ್ನು ಗ್ರಂಥಗಳಲ್ಲಿ ಹುಡುಕಬೇಕಾಗಿಲ್ಲ, ಅದು ಗದಗಿನಲ್ಲಿದೆ. ಗಾನಯೋಗಿ ಪಂಚಾಕ್ಷರಿ ಗವಾಯಿಗಳು (1892–1944) ಕಣ್ಣಿಲ್ಲದವರು, ಬಡವರ ಮನೆಯಲ್ಲಿ ಹುಟ್ಟಿದವರು. ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯವು ದೊರೆತುದರಿಂದ ಕರ್ಣಾಟಕ ಹಿಂದುಸ್ಥಾನಿ ಪದ್ಧತಿಗಳೆರಡನ್ನೂ ಸಾಧಿಸಿದರು. ತಮಗೆ ದೊರೆತ ಆಶ್ರಯವನ್ನು ತಮ್ಮಂತಹ ಇತರರಿಗೂ ದೊರಕಿಸುವುದೇ ಅವರ ಜೀವಿತದ ವ್ರತವಾಯಿತು. ಕುರುಡರನ್ನೂ ಅನಾಥರನ್ನೂ ಬಡವರ ಮಕ್ಕಳನ್ನೂ ಕೂಡಿಸಿಕೊಂಡು ಅವರು ಊರಿಂದೂರಿಗೆ ಸಂಚರಿಸುತ್ತ ಪಾಠ ಹೇಳಿದರು. ಆ ಸಂಚಾರಿ ಪಾಠಶಾಲೆಯೇ ಗದಗಿನಲ್ಲಿ ನೆಲೆನಿಂತು ವೀರೇಶ್ವರ ಪುಣ್ಯಾಶ್ರಮವೆಂದು ಪ್ರಸಿದ್ಧವಾಯಿತು. ಅವರ ತರುವಾಯ ಅದರ ಭಾರವನ್ನು ಹೊತ್ತ ಪುಟ್ಟರಾಜ ಗವಾಯಿಗಳೂ (1914–2010) ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡವರು.

ಈ ಆಶ್ರಮದಲ್ಲಿ ಅನ್ನ ಮೊದಲೋ ಸಂಗೀತ ಮೊದಲೋ ಎಂಬ ಪ್ರಶ್ನೆಯು ಹುಟ್ಟಲಿಲ್ಲ. ಏಕೆಂದರೆ ಊಟ, ವಸತಿ, ಪಾಠಗಳು ಒಂದೇ ದಾಸೋಹದ ಅಂಗಗಳಾಗಿದ್ದವು. ಅದಕ್ಕಿಂತಲೂ ಗಮನಾರ್ಹವಾದ ಸಂಗತಿಯೊಂದುಂಟು: ಅಲ್ಲಿ ಅನ್ನವನ್ನು ಸಂಪಾದಿಸಿದುದೂ ಕಲೆಯೇ. ಆಶ್ರಮಕ್ಕೆ ಸೇರಿದ ನಾಟಕ ಕಂಪನಿಯು ಊರೂರುಗಳಲ್ಲಿ ಆಟವನ್ನಾಡಿ ಬಂದ ಹಣದಿಂದ ಮಕ್ಕಳ ಊಟಕ್ಕೆ ಒದಗಿಸುತ್ತಿತ್ತು. ಪುಟ್ಟರಾಜರು ಅದಕ್ಕಾಗಿ ನಾಟಕಗಳನ್ನು ಬರೆದರು, ಸಂಗೀತವನ್ನು ಕೂಡಿಸಿದರು. ಮುಂದೆ ಭಕ್ತರು ಊರೂರುಗಳಲ್ಲಿ ಅವರಿಗೆ ನಡೆಸಿದ ತುಲಾಭಾರಗಳ ಹಣವೂ ಆಶ್ರಮದ ಮಕ್ಕಳಿಗೇ ಸಂದಿತು. ನಾಟಕವು ಹೊಟ್ಟೆ ತುಂಬಿದ ಮೇಲಿನ ವಿನೋದವೆನ್ನುವವರು, ನಾಟಕದಿಂದಲೇ ಹೊಟ್ಟೆ ತುಂಬಿಸಿಕೊಂಡು ವಿದ್ಯೆಯನ್ನು ಕಲಿತ ಈ ಮಕ್ಕಳನ್ನು ನೆನೆಯಬೇಕು.

ಫಲವನ್ನು ನೋಡುವುದಾದರೆ, ಪಂಚಾಕ್ಷರಿ ಗವಾಯಿಗಳ ಶಿಷ್ಯರಲ್ಲಿ ಬಸವರಾಜ ರಾಜಗುರುಗಳಂತಹ ಮಹಾಗಾಯಕರಿದ್ದರು. 1953ರಲ್ಲಿ ಬಳ್ಳಾರಿಯ ಸೀಮೆಯಲ್ಲಿ ಹುಟ್ಟಿದ ವೆಂಕಟೇಶಕುಮಾರರು ಬಾಲ್ಯದಲ್ಲಿ ಆಶ್ರಮವನ್ನು ಸೇರಿ, ಪುಟ್ಟರಾಜರ ಬಳಿಯಲ್ಲಿ ಹತ್ತು ವರ್ಷಕ್ಕೂ ಮಿಕ್ಕಿ ಕಲಿತು, ಇಂದಿನ ಹಿಂದುಸ್ಥಾನಿ ಗಾಯಕರಲ್ಲಿ ಅಗ್ರಗಣ್ಯರೆನಿಸಿದ್ದಾರೆ. ಆದರೆ ಹೆಸರಾದವರನ್ನು ಮಾತ್ರ ಎಣಿಸಿದರೆ ಆಶ್ರಮದ ಕೆಲಸವನ್ನು ಕಡಿಮೆಯಾಗಿ ಅಳೆದಂತಾದೀತು. ಶಾಲೆಯಲ್ಲಿ ಸಂಗೀತ ಹೇಳುವವನು, ಕೀರ್ತನಕಾರನ ಪಕ್ಕದಲ್ಲಿ ಪೇಟಿ ಬಾರಿಸುವವನು, ಪುರಾಣಪ್ರವಚನಕ್ಕೆ ತಬಲಾ ಸಾಥಿ ಕೊಡುವವನು, ಇಂತಹ ಹೆಸರಿಲ್ಲದ ಅನೇಕರು ಅಲ್ಲಿಂದ ಹೊರಟವರು. ಭಿಕ್ಷೆಗೆ ಕೈಯೊಡ್ಡಬೇಕಾಗಿದ್ದ ಕುರುಡ ಬಾಲಕನು ಅದೇ ಕೈಯಿಂದ ತಂಬೂರಿಯನ್ನು ಮೀಟಿ ಮರ್ಯಾದೆಯಿಂದ ಜೀವಿಸುವಂತಾದುದು ಸಾಮಾನ್ಯವಾದ ಸಿದ್ಧಿಯಲ್ಲ.

ಇನ್ನು ಎರಡನೆಯ ಆಕ್ಷೇಪಣೆ. ವಿದ್ಯೆಯನ್ನು ವಿಕ್ರಯಿಸಬಾರದೆಂದು ನಮ್ಮವರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಸಂಬಳಕ್ಕಾಗಿ ಪಾಠ ಹೇಳುವವನನ್ನು ಮನುಸ್ಮೃತಿಯು ಶ್ರಾದ್ಧದ ಪಂಕ್ತಿಯಿಂದ ಹೊರಗಿಟ್ಟಿದೆ. ಕಾಳಿದಾಸನ ‘ಮಾಲವಿಕಾಗ್ನಿಮಿತ್ರ’ದಲ್ಲಿ ನಾಟ್ಯಾಚಾರ್ಯನಾದ ಗಣದಾಸನು, ಯಾವನ ವಿದ್ಯೆಯು ಬರಿಯ ಹೊಟ್ಟೆಪಾಡಿಗಾಗಿಯೇ ಇರುವುದೋ ಅವನು ಜ್ಞಾನವನ್ನು ಮಾರುವ ವರ್ತಕನೇ ಸರಿ ಎಂಬರ್ಥದ ಮಾತನ್ನಾಡುತ್ತಾನೆ. ಈ ಮಾತನ್ನು ಸಭೆಗಳಲ್ಲಿ ಎತ್ತಿ ಹೇಳುವವರು ಅನೇಕರು. ಆದರೆ ಅದನ್ನಾಡಿದವನು ಯಾರೆಂಬುದನ್ನು ಅವರು ಮರೆಯುತ್ತಾರೆ. ಗಣದಾಸನು ಅರಮನೆಯಿಂದ ವೇತನವನ್ನು ಪಡೆಯುತ್ತಿದ್ದವನು. ಈ ಆಚಾರ್ಯರಿಗೆ ಸುಮ್ಮನೆ ಸಂಬಳವನ್ನೇಕೆ ಕೊಡಬೇಕೆಂದು ಅದೇ ಸಂದರ್ಭದಲ್ಲಿ ವಿದೂಷಕನು ಹಾಸ್ಯಮಾಡುತ್ತಾನೆ. ಕವಿಯ ವಿವೇಕವು ಇಲ್ಲಿದೆ: ವೇತನವನ್ನು ತೆಗೆದುಕೊಳ್ಳುವುದು ದೋಷವಲ್ಲ, ವಿದ್ಯೆಯು ವೇತನಕ್ಕಾಗಿ ಮಾತ್ರವೇ ಇರುವುದು ದೋಷ.

ಆದುದರಿಂದ ಶಿಷ್ಯನಿಗೆ ಉಚಿತವಾಗಿರುವುದು ಗುರುವಿಗೆ ಉಪವಾಸವಾಗಿರಬೇಕಾಗಿಲ್ಲ. ಸಂಗೀತದ ಮೇಷ್ಟ್ರನ್ನು ಕರೆದು, “ಇದು ಪುಣ್ಯಕಾರ್ಯ, ನಾಲ್ಕು ಮಕ್ಕಳಿಗೆ ಹೇಳಿಕೊಡಿ” ಎಂದು ವಿನಯದಿಂದ ಕೇಳಿ, ಅವನ ಮನೆಯ ಬಾಡಿಗೆಯನ್ನು ಮಾತ್ರ ಯಾರೂ ವಿಚಾರಿಸದಿರುವುದು ಧರ್ಮವಲ್ಲ. ಅದು ಒಬ್ಬ ಬಡವನಿಂದ ಕಿತ್ತುಕೊಂಡು ಇನ್ನೊಬ್ಬ ಬಡವನಿಗೆ ಕೊಡುವ ದಾನ. ದಾನದ ಕೀರ್ತಿ ಸಂಘಕ್ಕೆ, ಖರ್ಚು ಮೇಷ್ಟ್ರಿಗೆ! ಮಕ್ಕಳು ಶುಲ್ಕವನ್ನು ಕೊಡದಿದ್ದರೆ ಊರು ಕೊಡಬೇಕು. ಉಚಿತವೆಂಬುದು ಖರ್ಚೇ ಇಲ್ಲದ ವ್ಯವಸ್ಥೆಯಲ್ಲ. ಖರ್ಚನ್ನು ಹೊರಬಲ್ಲವರ ಹೆಗಲಿಗೆ ಬದಲಾಯಿಸಿದ ವ್ಯವಸ್ಥೆ.

ಹೀಗೆ ಖರ್ಚನ್ನು ಇನ್ನೊಬ್ಬರು ಹೊತ್ತರೆ ಇನ್ನೊಂದು ಅಪಾಯವುಂಟು. ಹಣವನ್ನು ಕೊಟ್ಟವನು ಕಲಿತವನ ಬಾಯನ್ನೂ ತನ್ನದೆಂದು ತಿಳಿಯಬಹುದು. ಇದಕ್ಕೆ ದೂರದೇಶದ ನಿದರ್ಶನವೊಂದು ದೊರೆಯುತ್ತದೆ. ದಕ್ಷಿಣ ಅಮೆರಿಕದ ವೆನೆಜುವೆಲಾ ದೇಶದಲ್ಲಿ ಜೋಸೆ ಅಂತೋನಿಯೊ ಅಬ್ರೆಯು (1939–2018) ಎಂಬ ಸಂಗೀತಗಾರರು 1975ರಲ್ಲಿ ಬೆರಳೆಣಿಕೆಯ ಹುಡುಗರನ್ನು ಕೂಡಿಸಿಕೊಂಡು ವಾದ್ಯಮೇಳವೊಂದನ್ನು ಆರಂಭಿಸಿದರು. ‘ಎಲ್ ಸಿಸ್ತೆಮಾ’ ಎಂದು ಹೆಸರಾದ ಆ ವ್ಯವಸ್ಥೆಯು ಸರಕಾರದ ಹಣದಿಂದ ಬೆಳೆದು, ಲಕ್ಷಾಂತರ ಮಕ್ಕಳಿಗೆ ಶುಲ್ಕವಿಲ್ಲದೆ ವಾದ್ಯವನ್ನೂ ಪಾಠವನ್ನೂ ಕೊಟ್ಟಿತು; ಅನೇಕ ದೇಶಗಳು ಅದನ್ನು ಅನುಸರಿಸಿದವು. ಅದರಲ್ಲಿಯೇ ಬೆಳೆದ ಗುಸ್ತಾವೊ ದುದಮೆಲ್ ಎಂಬವರು ಜಗತ್ಪ್ರಸಿದ್ಧ ಮೇಳನಾಯಕರಾದರು. 2017ರಲ್ಲಿ ಆ ದೇಶದಲ್ಲಿ ಸರಕಾರದ ವಿರುದ್ಧ ಪ್ರತಿಭಟನೆಗಳು ನಡೆದು, ಅದೇ ವ್ಯವಸ್ಥೆಯಲ್ಲಿ ಕಲಿತ ತರುಣ ವಾದಕನೊಬ್ಬನು ಪ್ರಾಣವನ್ನು ಕಳೆದುಕೊಂಡನು. ಅದುವರೆಗೆ ಮೌನವಾಗಿದ್ದ ದುದಮೆಲ್ ಆಗ ಬಾಯಿಬಿಟ್ಟು ಸರಕಾರವನ್ನು ಟೀಕಿಸಿದರು. ಕೆಲವು ತಿಂಗಳುಗಳಲ್ಲಿ ಅವರು ನಡೆಸಬೇಕಾಗಿದ್ದ ತರುಣರ ಮೇಳದ ಅಮೆರಿಕಾಪ್ರವಾಸವು ರದ್ದಾಯಿತು.

ಇದರಿಂದ ಸರಕಾರದ ಹಣವು ಬೇಡವೆಂದು ಸಿದ್ಧಾಂತ ಮಾಡಲಾಗದು. ಆ ಹಣವಿಲ್ಲದಿದ್ದರೆ ಆ ಲಕ್ಷಾಂತರ ಮಕ್ಕಳು ಪಿಟೀಲನ್ನು ಕಣ್ಣಿನಿಂದ ಸಹ ಕಾಣುತ್ತಿರಲಿಲ್ಲ. ಕೊಡುವ ಕೈ ಒಂದೇ ಆಗಿದ್ದರೆ ಆ ಕೈ ಕುತ್ತಿಗೆಯವರೆಗೂ ಚಾಚಬಹುದೆಂಬುದಷ್ಟೇ ಇಲ್ಲಿಯ ಪಾಠ. ಅರಸನಾಗಲಿ, ಮಠವಾಗಲಿ, ಧನಿಕನಾಗಲಿ, ಈ ಮಾತು ಎಲ್ಲರಿಗೂ ಅನ್ವಯಿಸುತ್ತದೆ. ಹಲವು ಮನೆಗಳ ಹಿಡಿ ಹಿಡಿ ಅಕ್ಕಿಯಿಂದ ನಡೆಯುವ ಪಾಠಶಾಲೆಗೆ ಧಣಿಗಳು ಹಲವರಾದುದರಿಂದ ಧಣಿಯೇ ಇಲ್ಲದಂತಾಗುತ್ತದೆ. ಅಲ್ಲಿಯ ಮಗುವು ಯಾರೊಬ್ಬರ ಎದುರಿಗೂ ತಲೆತಗ್ಗಿಸಬೇಕಾಗಿಲ್ಲ.

ಉಳಿದುದು ಮೂರನೆಯ ಆಕ್ಷೇಪಣೆ: ಬಿಟ್ಟಿಯಾದುದಕ್ಕೆ ಬೆಲೆಯಿಲ್ಲ ಎಂಬುದು. ಇದು ಅನುಭವಸಿದ್ಧವಾದ ಮಾತೇ. ಉಚಿತ ತರಗತಿಗೆ ಮೊದಲ ದಿನ ನಲವತ್ತು ಮಕ್ಕಳು ಬಂದು, ತಿಂಗಳು ತುಂಬುವುದರೊಳಗೆ ನಾಲ್ವರು ಉಳಿಯುವುದು ಅಪೂರ್ವವಲ್ಲ. ಆದರೆ ಇದಕ್ಕೆ ಹಣವೊಂದೇ ಮದ್ದೇ? ಹಿಂದಿನವರು ಬೇರೊಂದು ದಾರಿಯನ್ನು ಕಂಡಿದ್ದರು. ವಿದ್ಯೆಯು ಮುಗಿಯುವುದಕ್ಕೆ ಮುಂಚೆ ಶಿಷ್ಯನು ಗುರುವಿಗೆ ಏನನ್ನೂ ಕೊಡತಕ್ಕದ್ದಲ್ಲ, ಮುಗಿದ ಮೇಲೆ ಶಕ್ತ್ಯನುಸಾರವಾಗಿ ತಂದೊಪ್ಪಿಸಬೇಕು ಎಂಬುದು ಸ್ಮೃತಿಯ ವಿಧಿ. ಬಾಗಿಲಲ್ಲಿ ಬೆಲೆಯಿಲ್ಲ, ಆದರೆ ಋಣವುಂಟು.

ರಘುವಂಶದ ಐದನೆಯ ಸರ್ಗದ ಕೌತ್ಸನ ಪ್ರಸಂಗವು ವಾಚಕರಿಗೆ ತಿಳಿದದ್ದೇ. ವರತಂತು ಮಹರ್ಷಿಯು ಶಿಷ್ಯನು ಬಹುಕಾಲ ನಡೆಸಿದ ಭಕ್ತಿಯ ಶುಶ್ರೂಷೆಯನ್ನೇ ದಕ್ಷಿಣೆಯೆಂದು ಎಣಿಸಿದನು. ಶಿಷ್ಯನು ಮತ್ತೆ ಮತ್ತೆ ಕಾಡಿದಾಗ ಕೋಪಗೊಂಡು, ಹದಿನಾಲ್ಕು ವಿದ್ಯೆಗಳಿಗೆ ಹದಿನಾಲ್ಕು ಕೋಟಿಯನ್ನು ತಾ ಎಂದನು. ರಘುವು ಯಾಗದಲ್ಲಿ ಸರ್ವಸ್ವವನ್ನೂ ಕೊಟ್ಟು ಮಣ್ಣಿನ ಪಾತ್ರೆಯೊಂದಿಗೆ ಉಳಿದಿದ್ದರೂ ಬಂದವನನ್ನು ಬರಿಗೈಯಲ್ಲಿ ಕಳುಹಿಸಲೊಲ್ಲನು. ಕೊನೆಗೆ ಕುಬೇರನ ಹೊನ್ನು ಬೊಕ್ಕಸವನ್ನು ತುಂಬಿದಾಗ ಅರಸನು ಎಲ್ಲವನ್ನೂ ಕೊಂಡುಹೋಗೆಂದನು. ಕೌತ್ಸನು ಗುರುವಿಗೆ ಸಲ್ಲತಕ್ಕುದಕ್ಕಿಂತ ಹೆಚ್ಚಾಗಿ ಮುಟ್ಟಲೊಲ್ಲೆನೆಂದನು. ಊರಿನ ಜನರು ಇಬ್ಬರನ್ನೂ ಕೊಂಡಾಡಿದರು. ಹೊನ್ನಿನ ಮಾತನ್ನು ಬದಿಗಿಟ್ಟು ನೋಡಿದರೆ, ಪಡೆದವನೂ ಕೊಟ್ಟವನಷ್ಟೇ ಎತ್ತರದಲ್ಲಿ ನಿಲ್ಲಬಲ್ಲನೆಂಬುದು ಇದರ ಸಾರ. ದಾನವು ಪಡೆದವನನ್ನು ಕುಗ್ಗಿಸುವುದು, ತಿರುಗಿ ಕೊಡುವ ದಾರಿಯನ್ನು ಅವನಿಗೆ ಮುಚ್ಚಿದಾಗ ಮಾತ್ರ.

ಇಂದಿನ ಮಗುವು ಏನನ್ನು ತಿರುಗಿ ಕೊಡಬಲ್ಲದು? ಹೊತ್ತಿಗೆ ಸರಿಯಾಗಿ ಬರುವುದು, ಪಾಠವಾದ ಮೇಲೆ ಚಾಪೆಯನ್ನು ಮಡಿಸಿ ನೆಲವನ್ನು ಗುಡಿಸುವುದು, ತಾನು ಕಲಿತ ಅಲಂಕಾರವನ್ನು ಹೊಸದಾಗಿ ಬಂದ ಚಿಕ್ಕವರಿಗೆ ಹೇಳಿಕೊಡುವುದು, ವರ್ಷಕ್ಕೊಮ್ಮೆ ಊರಿನವರ ಎದುರಿಗೆ ಹಾಡುವುದು ಅಥವಾ ವೇಷ ಕಟ್ಟುವುದು. ಇವು ದಕ್ಷಿಣೆಗಳೇ. ಬಡವರ ಮಗನೂ ಸಾಹುಕಾರರ ಮಗನೂ ಸಮನಾಗಿ ಕೊಡಬಲ್ಲ ದಕ್ಷಿಣೆಗಳು ಇವಲ್ಲದೆ ಬೇರೆಯಿಲ್ಲ. ನಾಟಕದಲ್ಲಂತೂ ಈ ಸಮತೆಯು ಕಣ್ಣಿಗೇ ಕಾಣುತ್ತದೆ. ಅಲ್ಲಿ ವಕೀಲರ ಮಗನು ದೂತನಾಗಿ, ಹಮಾಲರ ಮಗನು ಹರಿಶ್ಚಂದ್ರನಾಗಿ ನಿಲ್ಲಬಹುದು. ದೂತನು ತನ್ನ ಒಂದು ಮಾತನ್ನು ಮರೆತರೆ ಅರಸನ ಮಾತು ಸಹ ನಿಂತುಹೋಗುತ್ತದೆ. ಒಬ್ಬರನ್ನೊಬ್ಬರು ಕಾಯಬೇಕೆಂಬ ನೀತಿಯನ್ನು ಉಪದೇಶವಿಲ್ಲದೆ ಕಲಿಸುವ ಸ್ಥಳವು ರಂಗಸ್ಥಳ.

ಓದುಬರಹ ಬಲ್ಲ ಮನೆಗಳಲ್ಲಿ ಮಕ್ಕಳಿಗೆ ಸಂಗೀತವನ್ನು ಕಲಿಸುವ ಆಸೆಯು ಸಹಜವಾಗಿಯೇ ಇರುತ್ತದೆ, ಅದು ಪ್ರಶಂಸನೀಯ. ಆದರೆ ತನ್ನ ಮಗಳ ಪಾಠಕ್ಕೆ ತಿಂಗಳು ತಿಂಗಳಿಗೆ ಹಣವನ್ನು ತೆಗೆದಿಡುವ ಗೃಹಸ್ಥನು, ಅದರಲ್ಲಿ ಒಂದು ಪಾಲನ್ನು ನೆರೆಯ ಕೇರಿಯ ಮಗುವಿಗಾಗಿ ತೆಗೆದಿಡುವುದು ದಯೆಯೆಂದು ಭಾವಿಸಬಾರದು. ಅವನ ಮಗಳ ಹಾಡನ್ನು ನಾಳೆ ಕೇಳತಕ್ಕವರು ಯಾರು? ಅವಳ ಹಾಡಿಗೆ ಮೃದಂಗವನ್ನು ನುಡಿಸತಕ್ಕವರು ಯಾರು? ಕಲೆಯು ಒಂಟಿ ಮನೆಯ ಸೊತ್ತಾಗಿ ಬಾಳಲಾರದು. ಸಂಜೆಯ ಹೊತ್ತು ಬರಿದಾಗಿರುವ ಶಾಲೆಯ ಕೊಠಡಿ, ಯಾರದೋ ಅಟ್ಟದ ಮೇಲೆ ಧೂಳು ಹಿಡಿದ ಹಾರ್ಮೋನಿಯಂ, ಗೌರವಕ್ಕೆ ಕುಂದಿಲ್ಲದ ಸಂಬಳ ಪಡೆಯುವ ಒಬ್ಬ ಅಧ್ಯಾಪಕ, ತಪ್ಪದೆ ಬರುವ ಹತ್ತು ಮಕ್ಕಳು: ಆರಂಭಕ್ಕೆ ಇದಕ್ಕಿಂತ ಹೆಚ್ಚು ಬೇಕಾಗಿಲ್ಲ.

ಅಂತು ಸಿದ್ಧಾಂತವೇನೆಂದರೆ, ಬಾಗಿಲಲ್ಲಿ ಹಣವನ್ನು ಕೇಳಬಾರದು. ಒಳಗೆ ಶ್ರದ್ಧೆಯನ್ನು ಕೇಳದೆ ಬಿಡಬಾರದು. ಕಲಿಸುವವನನ್ನು ಹಸಿದಿರಿಸಬಾರದು, ಕಲಿತವನನ್ನು ಹಂಗಿನಲ್ಲಿರಿಸಬಾರದು. ಈ ನಾಲ್ಕೂ ಕೂಡಿದಲ್ಲಿ ಬೆಲೆಯಿಲ್ಲದೆ ಕೊಟ್ಟುದು ತಕ್ಕದ್ದೂ ಆಗುತ್ತದೆ; ‘ಉಚಿತ’ವೆಂಬ ಮಾತು ತನ್ನ ಎರಡು ಅರ್ಥಗಳಲ್ಲಿಯೂ ಸಾರ್ಥಕವಾಗುತ್ತದೆ.