ದಾದಿಯ ಕೈತಪ್ಪಿ ಬಿದ್ದ ಮಗು

(ಓದತಕ್ಕ ವೇದಭಾಗ: 2 ಸಮುವೇಲ 4ನೆಯ ಅಧ್ಯಾಯ 4ನೆಯ ವಚನ ಮತ್ತು 9ನೆಯ ಅಧ್ಯಾಯ)



ಸೌಲನೂ ಯೋನಾತಾನನೂ ಮಡಿದರೆಂಬ ವಾರ್ತೆಯು ಇಜ್ರೇಲಿನಿಂದ ಬಂದಾಗ ಯೋನಾತಾನನಿಗೆ ಐದು ವರುಷದ ಒಬ್ಬ ಮಗನಿದ್ದನು. ಅವನ ಹೆಸರು ಮೆಫೀಬೋಶೆತನು. ದಾದಿಯು ಅವನನ್ನು ಎತ್ತಿಕೊಂಡು ಓಡಿದಳು. ಓಡುವ ಅವಸರದಲ್ಲಿ ಮಗುವು ಬಿದ್ದು ಎರಡು ಕಾಲುಗಳೂ ಕುಂಟಾದವು. ಅರಸುಮನೆತನದ ಕೊಲೆಗಳ ವೃತ್ತಾಂತದ ನಡುವೆ ವೇದವು ಒಂದೇ ವಚನದಲ್ಲಿ ಇದನ್ನು ತಿಳಿಸಿ ಮುಂದಕ್ಕೆ ಹೋಗುತ್ತದೆ. ಆ ದಾದಿಯು ಯಾರು, ಅವಳ ಹೆಸರೇನು ಎಂಬದು ಬರೆಯಲ್ಪಟ್ಟಿಲ್ಲ. ಅವಳ ತಪ್ಪೂ ಬರೆಯಲ್ಪಟ್ಟಿಲ್ಲ. ದಾವೀದನು ಊರೀಯನ ಮನೆಗೆ ಮಾಡಿದ ಪಾಪವನ್ನು ಮುಚ್ಚಿಡದ ಅದೇ ಪುಸ್ತಕವು ಈ ಹೆಂಗಸಿನ ಮೇಲೆ ಒಂದು ನಿಂದೆಯ ಮಾತನ್ನೂ ಹೊರಿಸದೆ ಬಿಟ್ಟದ್ದನ್ನು ನಾವು ಚೆನ್ನಾಗಿ ಗಮನಿಸತಕ್ಕದ್ದು. ಯಾಕಂದರೆ ನಮ್ಮ ಮನೆಗಳಲ್ಲಿ ನಡೆಯುವದು ಇದಕ್ಕೆ ವಿರುದ್ಧವಾದದ್ದು.

ಲಕಮನಹಳ್ಳಿಯ ಒಂದು ಮನೆಯನ್ನು ಮನಸ್ಸಿನಲ್ಲಿ ತಂದುಕೊಳ್ಳೋಣ. ಹೊಲಗಳ ಊರಾಗಿದ್ದ ಇದು ಈಗ ಹುಬ್ಬಳ್ಳಿ-ಧಾರವಾಡ ಮಹಾನಗರದೊಳಗೆ ಸೇರಿ, ಕಾರಖಾನೆಗಳ ಊರಾಗಿದೆ. ಗಂಡನು ಮೊದಲನೆಯ ಪಾಳಿಗೆ ಹೋಗಿದ್ದಾನೆ. ಅತ್ತೆಯು ಹಂಚಿನ ಮುಂದೆ ರೊಟ್ಟಿ ಬಡಿಯುತ್ತಿದ್ದಾಳೆ. ಹಿರಿಯ ಹುಡುಗಿಗೆ ಶಾಲೆಯ ಹೊತ್ತಾದದರಿಂದ ಸೊಸೆಯು ಅವಳ ಜಡೆ ಹೆಣೆಯುತ್ತಾ ಒಲೆಯ ಮೇಲಿನ ಚಹವನ್ನೂ ನೋಡುತ್ತಿದ್ದಾಳೆ. ಆಗತಾನೇ ನಡೆಯಲು ಕಲಿತ ಕೂಸು ಒಂದು ಕ್ಷಣದಲ್ಲಿ ಕೈಚಾಚಿ ಪಾತ್ರೆಯನ್ನು ಎಳೆದುಕೊಳ್ಳುತ್ತದೆ. ಮನೆಯಲ್ಲಿ ಏಳುವ ಮೊದಲನೆಯ ಶಬ್ದವು ಕೂಸಿನ ಚೀರಾಟ, ಎರಡನೆಯದು, "ನಿನ್ನ ಲಕ್ಷ್ಯ ಎಲ್ಲಿತ್ತು?" ಎಂಬ ಮಾತು. ಅತ್ತೆಯು ಅದನ್ನು ಹೇಳುತ್ತಾಳೆ, ನೆರೆಯವಳು ಬಂದು ಹೇಳುತ್ತಾಳೆ, ಪಾಳಿ ಬಿಟ್ಟು ಓಡಿಬಂದ ಗಂಡನೂ ಅದನ್ನೇ ಹೇಳುತ್ತಾನೆ. ಎರಡು ಕೈಗಳಿಂದ ನಾಲ್ಕು ಕೆಲಸ ಮಾಡುತ್ತಿದ್ದವಳ ಲಕ್ಷ್ಯವು ನಾಲ್ಕು ಕಡೆ ಇತ್ತು ಎಂಬದು ಯಾರಿಗೂ ತೋಚುವದಿಲ್ಲ.

ಬೈದರೆ ತಾನೇ ಮುಂದೆ ಎಚ್ಚರದಿಂದಿರುವಳು ಎಂದು ಕೆಲವರು ಹೇಳಬಹುದು. ಪ್ರಿಯರೇ, ಹಾಗಾಗುವದಿಲ್ಲ. ಬೈಗಳಿಗೆ ಅಂಜಿದ ತಾಯಿಯು ಮುಂದಿನ ಸಾರಿ ಗಾಯವನ್ನು ಅಡಗಿಸುವಳು. ಗಂಡನು ಬರುವದರೊಳಗೆ ಯಾರಿಗೂ ತಿಳಿಯಬಾರದೆಂದು ತುಪ್ಪವನ್ನೋ ಅರಿಷಿಣವನ್ನೋ ಹಚ್ಚಿ, ಬಟ್ಟೆ ಮುಚ್ಚಿ, ಕೂಸನ್ನು ಮಲಗಿಸುವಳು. ಮಂಚದಿಂದ ಬಿದ್ದು ತಲೆಗೆ ಪೆಟ್ಟಾದ ಮಗುವು ಮೇಲಿಂದ ಮೇಲೆ ವಾಂತಿಮಾಡಿದರೂ, ಎಬ್ಬಿಸಿದರೆ ಏಳದಷ್ಟು ಮಂಪರಿನಲ್ಲಿದ್ದರೂ, ಬಿದ್ದದ್ದನ್ನು ವೈದ್ಯರಿಗೆ ಹೇಳದೆ ಇರುವಳು. ನಮ್ಮ ನಿಂದೆಗೆ ಬೆಲೆ ತೆರುವದು ಆ ಕೂಸೇ.

ಸುಟ್ಟ ಗಾಯಕ್ಕೆ ಮೊದಲು ಬೇಕಾದದ್ದು ತಣ್ಣೀರು. ನಳದ ನೀರನ್ನು ಮೆಲ್ಲಗೆ ಇಪ್ಪತ್ತು ನಿಮಿಷ ಗಾಯದ ಮೇಲೆ ಹರಿಯಗೊಡಬೇಕು. ಗಡಿಯಾರ ನೋಡಿರಿ, ಯಾಕಂದರೆ ಅಳುವ ಕೂಸನ್ನು ಹಿಡಿದವರಿಗೆ ಎರಡು ನಿಮಿಷವೂ ಇಪ್ಪತ್ತರಂತೆ ತೋರುತ್ತದೆ. ಬಿಸಿ ನೀರು ಹೀರಿದ ಅಂಗಿಯನ್ನೂ ಬಳೆ ಉಡದಾರಗಳನ್ನೂ ತೆಗೆಯಬೇಕು. ಚರ್ಮಕ್ಕೆ ಅಂಟಿದ್ದನ್ನು ಮಾತ್ರ ಎಳೆಯಕೂಡದು. ಬರ್ಫ ಬೇಡ, ತುಪ್ಪ ಬೇಡ, ಬೂದಿ ಬೇಡ, ಶಾಯಿ ಬೇಡ, ಹಲ್ಲುಜ್ಜುವ ಪೇಸ್ಟೂ ಬೇಡ, ಬೊಕ್ಕೆಗಳನ್ನು ಒಡೆಯಕೂಡದು. ಆ ಮೇಲೆ ಶುಭ್ರವಾದ ಬಟ್ಟೆಯನ್ನು ಸಡಿಲಾಗಿ ಮುಚ್ಚಿ, ಮಿಕ್ಕ ಮೈಯನ್ನು ಬೆಚ್ಚಗಿಟ್ಟು, ಆಸ್ಪತ್ರೆಗೆ ಒಯ್ಯಬೇಕು. ಕೂಸಿನ ಚರ್ಮವು ನಮ್ಮ ಚರ್ಮಕ್ಕಿಂತ ತೆಳುವಾದದ್ದು. ನಮ್ಮ ಕೈಗೆ ಬರೀ ಚುರುಕೆನ್ನಿಸುವ ನೀರು ಅದಕ್ಕೆ ಆಳವಾದ ಗಾಯಮಾಡುತ್ತದೆ. ಧಾರವಾಡದಲ್ಲಿ ಜಿಲ್ಲಾ ಆಸ್ಪತ್ರೆಯೂ ಹುಬ್ಬಳ್ಳಿಯ ವಿದ್ಯಾನಗರದಲ್ಲಿ ವೈದ್ಯಕೀಯ ಕಾಲೇಜಿನ ದೊಡ್ಡ ಆಸ್ಪತ್ರೆಯೂ ಇವೆ. 2008ರ ನವೆಂಬರ್ 1ರಿಂದ ನಮ್ಮ ರಾಜ್ಯದಲ್ಲಿ 108ಕ್ಕೆ ಕರೆದರೆ ಹಣವಿಲ್ಲದೆ ಗಾಡಿ ಬರುತ್ತದೆ. ಇದನ್ನು ಬರೆಯುವದು ಉಪದೇಶಿಯ ಕೆಲಸವೋ ಎಂದು ಕೇಳುವವರಿದ್ದರೆ, 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ ಬಂದ ಬಾಸೆಲ್ ಮಿಶನ್ನಿನವರು ತರುವಾಯ ಗದಗ-ಬೆಟಗೇರಿಯಲ್ಲಿ ಆಸ್ಪತ್ರೆಯನ್ನೂ ಕಟ್ಟಿದರೆಂಬದನ್ನು ಅವರು ನೆನಪುಮಾಡಿಕೊಳ್ಳಲಿ. ಶೂನೇಮಿನ ತಾಯಿಯೂ ತನ್ನ ಮಗನನ್ನು ಮಲಗಿಸಿ ಬಾಗಿಲು ಮುಚ್ಚಿ, ಕತ್ತೆಗೆ ತಡಿಹಾಕಿಸಿ, ದಾರಿಯಲ್ಲಿ ಎಲ್ಲಿಯೂ ನಿಧಾನಮಾಡದೆ ಎಲೀಷನ ಬಳಿಗೆ ಹೋದಳಲ್ಲವೇ? ನಂಬಿಕೆಯುಳ್ಳವಳ ಕಾಲುಗಳೂ ಓಡಿದವು.

ಇನ್ನೊಂದು ನಿಂದೆಯುಂಟು, ಅದು ಸಭೆಯೊಳಗಿಂದಲೇ ಬರುವದು, ಮತ್ತು ಅತ್ತೆಯ ಬೈಗಳಿಗಿಂತಲೂ ಕ್ರೂರವಾದದ್ದು. "ಎರಡು ಭಾನುವಾರ ಆಲಯಕ್ಕೆ ಬರಲಿಲ್ಲ, ನೋಡಿರಿ, ದೇವರು ಮುಟ್ಟಿಸಿದನು" ಎಂದು ಕೆಲವರು ಮೆಲ್ಲಗೆ ಆಡಿಕೊಳ್ಳುತ್ತಾರೆ. ಸಿಲೋವದ ಬುರುಜು ಬಿದ್ದು ಹದಿನೆಂಟು ಮಂದಿ ಸತ್ತಾಗ, ಅವರು ಯೆರೂಸಲೇಮಿನ ಮಿಕ್ಕಾದವರಿಗಿಂತ ಹೆಚ್ಚು ಅಪರಾಧಿಗಳಲ್ಲವೆಂದು ನಮ್ಮ ಕರ್ತನು ಬಾಯಾರೆ ಹೇಳಿದನು. ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರು ಪಾಪ ಯಾರದು ಎಂದು ಕೇಳಿದಾಗಲೂ, ಅವನ ಮೇಲಾಗಲಿ ತಂದೆತಾಯಿಗಳ ಮೇಲಾಗಲಿ ಅದನ್ನು ಹೊರಿಸಲಿಲ್ಲ. ಕರ್ತನು ಹೊರಿಸದ ಹೊರೆಯನ್ನು ಆಸ್ಪತ್ರೆಯ ಹಾಸಿಗೆಯ ಬಳಿ ಕೂತಿರುವ ತಾಯಿಯ ಮೇಲೆ ಹೊರಿಸುವದಕ್ಕೆ ನಾವು ಎಷ್ಟರವರು? ಪರರ ದೇವರ ಸಿಟ್ಟಿಗೆ ಅಂಜಿ ತಾಯತ ಕಟ್ಟಿದ ಕಾಲವನ್ನು ದಾಟಿಬಂದ ನಾವು, ಅದೇ ಅಂಜಿಕೆಯನ್ನು ಯೇಸುವಿನ ತಂದೆಯ ಹೆಸರಿನಲ್ಲಿ ಮತ್ತೆ ಕಟ್ಟಿಕೊಳ್ಳಬಾರದು.

ಎಚ್ಚರಿಕೆಯು ಬೇಡವೆಂದು ಯಾರೂ ತಿಳಿಯಬಾರದು. ಪಾತ್ರೆಯ ಹಿಡಿಯನ್ನು ಗೋಡೆಯ ಕಡೆಗೆ ತಿರುಗಿಸಿರಿ. ನೀರು ಕಾಸುವ ಕಾಯಿಲನ್ನು ಬಕೆಟ್ಟಿನಲ್ಲಿ ಹಾಕಿ ಬಚ್ಚಲಿನ ಬಾಗಿಲನ್ನು ತೆರೆದಿಡಬೇಡಿರಿ. ಕೂಸನ್ನು ತೊಡೆಯ ಮೇಲಿಟ್ಟು ಚಹ ಕುಡಿಯಬೇಡಿರಿ. ಆದರೆ ಇದು ಸೊಸೆಯೊಬ್ಬಳಿಗೆ ಹೇಳಿದ ಮಾತಲ್ಲ. ಶೂನೇಮಿನ ಆ ಹುಡುಗನು ಹೊಲದಲ್ಲಿ ತಲೆನೋವಿನಿಂದ ಕೂಗಿಕೊಂಡಾಗ ತಂದೆಯು ಕೊಯ್ಯುವವರ ಬಳಿಯಲ್ಲಿಯೇ ನಿಂತು, ಮಗನನ್ನು ತಾಯಿಯ ಬಳಿಗೆ ಹೊರಿಸಿ ಕಳುಹಿಸಿದನು. ಆ ತಂದೆಯ ಮಕ್ಕಳು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಬೆಳಿಗ್ಗೆ ಒಲೆ ಉರಿಯುವ ಒಂದು ತಾಸು ಕೂಸನ್ನು ಎತ್ತಿಕೊಂಡು ಅಂಗಳದಲ್ಲಿ ತಿರುಗುವದು ಗಂಡಸಿಗೆ ಅವಮಾನವಲ್ಲ.

ಮೆಫೀಬೋಶೆತನ ಕಾಲುಗಳು ನೆಟ್ಟಗಾಗಲಿಲ್ಲ. ಅವನು ಲೋದೆಬಾರಿನಲ್ಲಿ ಮಾಕೀರನ ಮನೆಯಲ್ಲಿ ಬೆಳೆದು, ದಾವೀದನ ಪಂಕ್ತಿಯಲ್ಲಿ ಅರಸುಮಕ್ಕಳಂತೆ ಊಟಮಾಡುವವನಾದ ಮೇಲೆಯೂ ಅವನು ಎರಡು ಕಾಲೂ ಕುಂಟನಾಗಿದ್ದನೆಂದು ಆ ಅಧ್ಯಾಯದ ಕೊನೆಯಲ್ಲಿ ಬರೆದದೆ. ನಮ್ಮ ಕೂಸುಗಳಲ್ಲಿಯೂ ಕೆಲವರ ಕಲೆಯು ಉಳಿಯುವದು. ಪ್ರಾರ್ಥಿಸಿದರೆ ಕಲೆ ಹೋಗುವದೆಂದು ನಾವು ಆ ತಾಯಿಗೆ ಮಾತುಕೊಡಲಾರೆವು. ಯೋನಾತಾನನ ನಿಮಿತ್ತ ದಾವೀದನು ಸ್ಥಳವನ್ನು ಕೊಟ್ಟನು. ಕ್ರಿಸ್ತನ ನಿಮಿತ್ತ ನಾವು ಕೊಡಬಹುದಾದದ್ದೂ ಸ್ಥಳವೇ. ಆದಕಾರಣ ಅಂಥ ಮನೆಗೆ ಹೋಗುವಾಗ ಹೇಗಾಯಿತೆಂದು ವಿಚಾರಿಸುವ ಮೊದಲು ಆ ದಿನದ ರೊಟ್ಟಿ ಪಲ್ಯವನ್ನು ಕಟ್ಟಿಕೊಂಡು ಹೋಗಿರಿ. ಹಿರಿಯ ಹುಡುಗಿಯನ್ನು ಶಾಲೆಗೆ ಬಿಟ್ಟುಬನ್ನಿರಿ. ಪಟ್ಟಿ ಬದಲಿಸುವ ದಿನಗಳಲ್ಲಿ ಕೂಸನ್ನು ಹಿಡಿದುಕೊಳ್ಳುವದಕ್ಕೆ ಆಸ್ಪತ್ರೆಗೆ ಒಬ್ಬರು ಜೊತೆಯಾಗಿ ಹೋಗಿರಿ. ಆ ಹೊತ್ತಿನಲ್ಲಿ ಒಬ್ಬಳೇ ಹಿಡಿಯಲಾರಳು.