ಕ್ಷಣದ ನಡೆಯೂ ಕಾಯಕದ ಎಚ್ಚರವೂ

ಪ್ರತಿ ಆಟಗಾರನಿಗೆ ಒಟ್ಟು 10 ನಿಮಿಷ ಮೀರದ ಕಾಲವಿರುವ ವೇಗದ ಚದುರಂಗವನ್ನು ಬ್ಲಿಟ್ಜ್ ಎನ್ನುತ್ತಾರೆ. ಅಂತರ್ಜಾಲದಲ್ಲಿ ಅದನ್ನು ಬಹುಕಾಲ ಆಡಿ ಪಳಗಿದವನ ಪ್ರಗತಿ ನಿಂತಾಗ, ವಿಚಾರಕ್ಕೆ ಎಡೆಯಿಲ್ಲದ ಕ್ಷಣದಲ್ಲಿ ಕಾಯಿ ನಡೆಸುವುದು ಅರಿವೋ ಅಭ್ಯಾಸವೋ ಎಂಬ ತಾತ್ತ್ವಿಕ ಪ್ರಶ್ನೆ ಏಳುತ್ತದೆ.

ಇದಕ್ಕೆ ಉತ್ತರದ ಸುಳಿವು ಕನ್ನಡ ನಾಡಿನ ಪರಂಪರೆಯಲ್ಲೇ ಇದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಚದುರಂಗವನ್ನು ವಿನೋದಗಳಲ್ಲಿ ಒಂದೆಂದು ವಿವರಿಸುತ್ತದೆ. ಅದೇ ಶತಮಾನದ ಶರಣರು ಕಾಯಕವನ್ನು, ಅಂದರೆ ನಿಷ್ಠೆಯ ದುಡಿಮೆಯನ್ನು, ಪೂಜೆಗೆ ಸಮವೆಂದು ಕಂಡರು. ಅವರಿಗೂ ಮುಂಚಿನ ವಚನಕಾರ, ಇಂದಿನ ಯಾದಗಿರಿ ಜಿಲ್ಲೆಗೆ ಸೇರಿದ ಸುರಪುರ ಸೀಮೆಯ ಮುದನೂರಿನ ಜೇಡರ ದಾಸಿಮಯ್ಯ ನೇಯ್ಗೆಯನ್ನೂ ಶಿವಭಕ್ತಿಯನ್ನೂ ಬೇರ್ಪಡಿಸದೆ ಬಾಳಿದವನು. ನೇಕಾರನ ಕೈ ಲಾಳಿಯನ್ನು ತಾನಾಗಿಯೇ ಓಡಿಸಿದರೂ ಅವನ ಕಣ್ಣು ಕಡಿದ ಎಳೆಯನ್ನು ಗುರುತಿಸುತ್ತದೆ. ಅಭ್ಯಾಸವು ಎಚ್ಚರವನ್ನು ಅಳಿಸುವುದಿಲ್ಲ, ಮುಖ್ಯವಾದುದನ್ನು ನೋಡಲು ಅದಕ್ಕೆ ಬಿಡುವು ಕೊಡುತ್ತದೆ.

ಆದ್ದರಿಂದ ಅನುಭವಿ ಆಟಗಾರನು ಕೆಲವೇ ಆರಂಭಗಳನ್ನು, ಅಂದರೆ ಮೊದಲ ನಡೆಗಳ ಕ್ರಮಗಳನ್ನು, ಅವುಗಳ ಉದ್ದೇಶಸಹಿತ ಕಲಿತು, ನಿಧಾನದ ಆಟಗಳಲ್ಲಿ ಆಳವಾಗಿ ಯೋಚಿಸಿ, ಸೋತ ಪ್ರತಿ ಆಟವನ್ನು ಕಂಪ್ಯೂಟರಿನ ನೆರವು ಪಡೆಯುವ ಮೊದಲು ತಾನೇ ಪರಿಶೀಲಿಸಬೇಕು. ಸೋಲಿನ ಸಿಟ್ಟಿನಲ್ಲಿ ಮರುಕ್ಷಣವೇ ಮತ್ತೊಂದು ಆಟಕ್ಕೆ ಇಳಿಯಬಾರದು. ಬಲವನ್ನು ಅಳೆಯುವ ರೇಟಿಂಗ್ ಅಂಕಿ ಫಲ ಮಾತ್ರ; ಅದರ ಮೇಲಿನ ಆಸೆ ನಡೆಯನ್ನು ಕಲಕುತ್ತದೆ. ಫಲದ ಆಸಕ್ತಿಯನ್ನು ಬಿಟ್ಟು ಕರ್ಮದಲ್ಲಿ ನಿಲ್ಲಬೇಕೆಂಬ ಗೀತೆಯ ಬೋಧೆ ಇಲ್ಲಿ ನೇರವಾಗಿ ಅನ್ವಯಿಸುತ್ತದೆ: ಫಲದ ಚಿಂತೆ ಬಿಟ್ಟು ನಿಧಾನದಲ್ಲಿ ಗಳಿಸಿದ ಅರಿವೇ ವೇಗದಲ್ಲಿ ಕೈಗೂಡುತ್ತದೆ.