ಇಂದಿನ ಧಮ್ಮ ಚಿಂತನೆ: ರಿಸೆಪ್ಷನ್ನಿಗೆ ಯಾವ ವೈನು?





ಹೋದ ಭಾನುವಾರ ವಂದನೆ ಮುಗಿಸಿ ಚಾಪೆ ಸುತ್ತುತ್ತಿದ್ದಾಗ ಗುಂಡ್ಲುಪೇಟೆ ಕಡೆಯ ಉಪಾಸಕರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. ಅವರ ಮಗನ ಮದುವೆ ಹತ್ತಿರ ಬಂದಿದೆ. ಬೆಳಿಗ್ಗೆ ಬುದ್ಧರ, ಬಾಬಾಸಾಹೇಬರ ಫೋಟೋ ಮುಂದೆ ತ್ರಿಸರಣ, ಪಂಚಶೀಲ ಹೇಳಿ ಮದುವೆ. ಸಂಜೆ ರಿಸೆಪ್ಷನ್. ಮಾರನೇ ದಿನ ಬೀಗರೂಟ. ಹುಡುಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. “ಬ್ರಾಂದಿ, ವಿಸ್ಕಿ ಬೇಡಪ್ಪ. ನನ್ನ ಫ್ರೆಂಡ್ಸ್ ಬರ್ತಾರೆ, ಒಳ್ಳೇ ವೈನ್ ಇಡೋಣ” ಅಂದಿದ್ದಾನಂತೆ.

“ನಾವು ಮುಟ್ಟಲ್ಲ ಅಣ್ಣ. ಬಂದೋರ್ಗ ಕೊಟ್ರ ಶೀಲ ಮುರಿದಂಗ ಆಯ್ತದಾ? ವೈನು ಅಂದ್ರ ದ್ರಾಕ್ಷಿ ರಸ ತಾನೇ? ಇಡೋದೇ ಆದ್ರ ಯಾವುದು ಪರವಾಗಿಲ್ಲ?” ಇದು ಅವರ ಪ್ರಶ್ನೆ.

ನಾನು ತಕ್ಷಣ ಉತ್ತರ ಕೊಡಲಿಲ್ಲ. ಯೋಚನೆ ಮಾಡಿ ಹೇಳ್ತೀನಿ ಅಂದೆ. ಯಾಕೆ ಅನ್ನುವುದನ್ನು ಕೊನೆಗೆ ಹೇಳುತ್ತೇನೆ.

ಮೊದಲು ದ್ರಾಕ್ಷಿ ರಸದ ಮಾತು. ಐದನೇ ಶೀಲವನ್ನು ನಾವು ಬಾಯಿಪಾಠವಾಗಿ ಹೇಳುತ್ತೇವೆ, ನಿಂತು ಅರ್ಥ ನೋಡುವುದು ಕಡಿಮೆ. ಅದರಲ್ಲಿ ‘ಸುರಾ’ ಮತ್ತು ‘ಮೇರಯ’ ಎಂಬ ಎರಡು ಪದಗಳಿವೆ. ಅಕ್ಕಿ, ಹಿಟ್ಟು ಮುಂತಾದವುಗಳಿಂದ ಮಾಡಿದ್ದು ಸುರಾ. ಹೂವು, ಹಣ್ಣು, ಜೇನು, ಬೆಲ್ಲ ಕೊಳೆಹಾಕಿ ಮಾಡಿದ್ದು ಮೇರಯ. ಅಂದರೆ ದ್ರಾಕ್ಷಿಯ ವೈನ್ ಎರಡನೇ ಪದದಲ್ಲೇ ಸೇರಿಹೋಯಿತು. “ಇದು ಹೆಂಡ ಅಲ್ಲ, ಹಣ್ಣಿನದು” ಎಂಬ ಮಾತು ಎರಡೂವರೆ ಸಾವಿರ ವರ್ಷದ ಹಿಂದೆಯೂ ಇದ್ದಿರಬೇಕು!

ಲೆಕ್ಕ ಹಾಕಿ ನೋಡಿದರೂ ಅಷ್ಟೆ. ವೈನ್‌ನಲ್ಲಿ ಸಾಮಾನ್ಯವಾಗಿ ಶೇ. 12ರಿಂದ 14ರಷ್ಟು ಆಲ್ಕೋಹಾಲ್ ಇರುತ್ತದೆ. ನಮ್ಮ ಅಂಗಡಿಯ ವಿಸ್ಕಿಯಲ್ಲಿ ಶೇ. 42.8. ಶೇ. 12ರ ವೈನನ್ನು 150 ಎಂ.ಎಲ್. ಗ್ಲಾಸಿಗೆ ಹಾಕಿದರೆ ಅದರಲ್ಲಿ 18 ಎಂ.ಎಲ್. ಆಲ್ಕೋಹಾಲ್. ಸುಮಾರು 42 ಎಂ.ಎಲ್. ವಿಸ್ಕಿಯಲ್ಲಿ ಇರುವುದೂ ಅಷ್ಟೇ. ಗ್ಲಾಸಿನ ಆಕಾರ ಬೇರೆ, ಒಳಗಿನದು ಒಂದೇ. ಕುಡಿತಕ್ಕೆ ಸುರಕ್ಷಿತ ಅಳತೆ ಎಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದೆ.

ಎರಡನೆಯದು, ಕೊಡುವ ಮಾತು. ಸುತ್ತನಿಪಾತದ ಧಮ್ಮಿಕ ಸುತ್ತದಲ್ಲಿ ಭಗವಾನರು ಗೃಹಸ್ಥರಿಗೆ ಮೂರು ಮೆಟ್ಟಿಲು ತೋರಿಸುತ್ತಾರೆ: ಕುಡಿಯಬಾರದು, ಕುಡಿಸಬಾರದು, ಕುಡಿಯುವುದನ್ನು ಒಪ್ಪಬಾರದು. ನಾವು ಮೊದಲ ಮೆಟ್ಟಿಲಲ್ಲೇ ನಿಂತು “ನಾನು ಶೀಲವಂತ” ಅಂದುಕೊಳ್ಳುತ್ತೇವೆ. ಮದುವೆ ಮನೆಯ ಯಜಮಾನನ ನಿಜವಾದ ಪರೀಕ್ಷೆ ಇರುವುದು ಎರಡನೇ ಮೆಟ್ಟಿಲಲ್ಲಿ.

ಇದಕ್ಕೆ ನಮ್ಮ ಓದಿದ ಹುಡುಗರು ಒಂದು ಒಳ್ಳೆಯ ಪ್ರಶ್ನೆ ಎತ್ತುತ್ತಾರೆ. “ಬಾಬಾಸಾಹೇಬರೇ ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ತತ್ವ ಬೇರೆ, ಕಟ್ಟಳೆ ಬೇರೆ ಅಂದಿದ್ದಾರೆ. ತತ್ವ ಮನುಷ್ಯನಿಗೆ ಯೋಚಿಸುವ ಸ್ವಾತಂತ್ರ್ಯ ಕೊಡುತ್ತದೆ, ಕಟ್ಟಳೆ ಕೊಡುವುದಿಲ್ಲ. ಶೀಲವನ್ನು ಯಾಕೆ ಕಟ್ಟಳೆ ಮಾಡುತ್ತೀರಿ? ಬೌದ್ಧರಲ್ಲದ ಅತಿಥಿಗಳ ಮೇಲೆ ನಮ್ಮ ಶೀಲ ಹೇರುವುದು ಸರಿಯೇ?”

ಮಾತು ಸರಿ. ಅಹಿಂಸೆಯ ವಿಚಾರದಲ್ಲಿ ಅವರು ಹಾಗೇ ವಿವರಿಸಿದ್ದಾರೆ. ಆದರೆ ಕಟ್ಟಳೆ ಬೇಡ, ತತ್ವ ಸಾಕು ಅನ್ನುವವನಿಗೆ ಪ್ರತಿ ಸಲವೂ ತಾನೇ ಅಳೆದು ತೂಗಿ ತೀರ್ಮಾನ ಮಾಡಬೇಕಾದ ಹೊರೆ ಇರುತ್ತದೆ. ಆ ತೂಗುವ ತಕ್ಕಡಿ ಯಾವುದು? ಎಚ್ಚರವಿರುವ ಮನಸ್ಸು. ಮದ್ಯ ಮೊದಲು ಕೈ ಹಾಕುವುದು ಅದಕ್ಕೇ. ಅದಕ್ಕಾಗಿಯೇ ಈ ಶೀಲದಲ್ಲಿ ‘ಪಮಾದಟ್ಠಾನ’ ಎಂಬ ಪದ ಇದೆ. ಪ್ರಮಾದಕ್ಕೆ, ಅಂದರೆ ಎಚ್ಚರಗೇಡಿತನಕ್ಕೆ ನೆಲೆಯಾದದ್ದು ಎಂದು ಅರ್ಥ. ಪರಿನಿಬ್ಬಾಣದ ಹೊತ್ತಿನಲ್ಲಿ ಭಗವಾನರು ಕೊನೆಯದಾಗಿ ಹೇಳಿದ್ದೂ ಅಪ್ರಮಾದವನ್ನೇ. ಉಳಿದ ನಾಲ್ಕು ಶೀಲಗಳಿಗೆ ಇದು ಕಾವಲುಗಾರ.

ಇನ್ನು ಹೇರುವ ಮಾತು. ಯಾರನ್ನೂ ತಡೆಯದಿರುವುದು ಬೇರೆ, ನಾವೇ ಸುರಿದು ಕೊಡುವುದು ಬೇರೆ. ಮಾಂಸ ತಿನ್ನದವರ ಮದುವೆಗೆ ಹೋಗಿ ನಾವು ಅನ್ನ ಸಾರು ಉಂಡು ಬರುವುದಿಲ್ಲವೇ? ಅವರು ನಮ್ಮ ಮೇಲೆ ಏನನ್ನೋ ಹೇರಿದರು ಅಂತ ಯಾರೂ ಹೇಳುವುದಿಲ್ಲ.

ವಿನಯ ಪಿಟಕದಲ್ಲಿ ಸಾಗತ ಎಂಬ ಭಿಕ್ಖುವಿನ ಕಥೆ ಬರುತ್ತದೆ. ಆತ ಭಯಂಕರ ನಾಗನೊಂದನ್ನು ಪಳಗಿಸಿ ಹೆಸರಾದವನು. ಕೋಸಂಬಿ ನಗರದ ಜನ ಗೌರವದಿಂದ ಮನೆಮನೆಯಲ್ಲೂ ಮದ್ಯ ಸಿದ್ಧಮಾಡಿ, ಭಿಕ್ಷೆಗೆ ಬಂದ ಆತನಿಗೆ ಕೊಟ್ಟರು. ಆತ ಕುಡಿಯುತ್ತಾ ಹೋಗಿ ನಗರದ ಬಾಗಿಲಲ್ಲಿ ಬಿದ್ದ. ಭಿಕ್ಖುಗಳು ಎತ್ತಿಕೊಂಡು ಬಂದು ತಲೆ ಭಗವಾನರ ಕಡೆಗೆ ಬರುವಂತೆ ಮಲಗಿಸಿದರೆ, ಹೊರಳಿ ಕಾಲು ಚಾಚಿದ. ಭಗವಾನರು ಕೇಳಿದರು: ಮೊದಲು ಈತನಿಗೆ ನನ್ನ ಮೇಲೆ ಗೌರವ ಇತ್ತಲ್ಲವೇ, ಈಗ ಇದೆಯೇ? ನಾಗನೊಡನೆ ಹೋರಾಡಿದವನು ಈಗ ಒಂದು ನೀರು ಹಾವನ್ನಾದರೂ ಎದುರಿಸಬಲ್ಲನೇ? ಭಿಕ್ಖುಗಳು ಮದ್ಯ ಕುಡಿಯಬಾರದೆಂಬ ನಿಯಮ ಬಂದದ್ದು ಆಗ.

ಈ ಕಥೆಯಲ್ಲಿ ನನ್ನನ್ನು ಕಾಡುವುದು ಸಾಗತನಿಗಿಂತ ಕೋಸಂಬಿಯ ಮನೆಗಳು. ಕೊಟ್ಟವರಲ್ಲಿ ಕೆಟ್ಟವರು ಯಾರೂ ಇಲ್ಲ. ಎಲ್ಲರದೂ ಭಕ್ತಿ, ಎಲ್ಲರದೂ ಆತಿಥ್ಯ. ಒಂದೊಂದು ಮನೆಯವರೂ ತಮ್ಮ ಪಾಲಿನದಷ್ಟೇ ಕೊಟ್ಟರು. ಬಿದ್ದದ್ದಕ್ಕೆ ಯಾವ ಮನೆ ಹೊಣೆ?

ಈಗ ನನ್ನ ವಿಷಯ. ಹನ್ನೊಂದು ವರ್ಷದ ಹಿಂದೆ ಚಾಮರಾಜನಗರದಲ್ಲಿ ನನ್ನ ದೊಡ್ಡ ಮಗಳ ಮದುವೆ ಆಯಿತು. ಪತ್ರಿಕೆಯಲ್ಲಿ ಬುದ್ಧ, ಬಾಬಾಸಾಹೇಬರ ಚಿತ್ರ. ಮೈಕಿನಲ್ಲಿ ಪಂಚಶೀಲ. ಬೀಗರು ಏನಂದುಕೊಳ್ಳುತ್ತಾರೋ ಎಂಬ ಅಂಜಿಕೆಯಿಂದ ಬೀಗರೂಟದ ದಿನ ಛತ್ರದ ಹಿಂದಿನ ರೂಮಿನಲ್ಲಿ ‘ವ್ಯವಸ್ಥೆ’ ಮಾಡಿಸಿದೆ. ನಾನು ಆ ರೂಮಿಗೆ ಕಾಲಿಡಲಿಲ್ಲ, ದುಡ್ಡು ಮಾತ್ರ ಕೊಟ್ಟೆ. ನನ್ನ ಚಿಕ್ಕಪ್ಪನ ಮಗ ಕುಡಿತ ಬಿಟ್ಟು ಎರಡು ವರ್ಷವಾಗಿತ್ತು, ತಪ್ಪದೆ ವಂದನೆಗೆ ಬರುತ್ತಿದ್ದ. ಮದುವೆ ಮನೆ ಅಲ್ಲವೇ, ಒಂದೇ ಒಂದು ಅಂತ ಯಾರೋ ಕರೆದರು. ಹೋದ.

ಮೂರು ತಿಂಗಳಾದ ಮೇಲೆ ಅವನ ಹೆಂಡತಿ ನಮ್ಮ ಮನೆಗೆ ಬಂದಳು. ಬೈಯಲಿಲ್ಲ, ಅಳಲಿಲ್ಲ. “ನಿಮ್ಮನ ಮದ್ವೇಲೇ ಮತ್ತ ಸುರುವಾಯ್ತಲ್ಲ ಭಾವ” ಅಂದಳು. ನನ್ನ ಹೆಂಡತಿ ಕೊಟ್ಟ ಟೀ ಕುಡಿದು ಹೋದಳು. ಅವನು ಆಮೇಲೆ ವಂದನೆಗೆ ಬರಲಿಲ್ಲ.

ಅವನ ಕೈಗೆ ಗ್ಲಾಸು ಕೊಟ್ಟವನು ನಾನಲ್ಲ. ಆ ರೂಮಿನ ದುಡ್ಡು ನನ್ನದು. ಭಾನುವಾರ ನಾನು ಬಾಯಿ ಬಿಡದೆ ನಿಂತದ್ದು ಇದಕ್ಕೆ.

1927ರ ಡಿಸೆಂಬರಿನಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ನಮ್ಮ ತಾಯಂದಿರಿಗೆ ಹೇಳಿದ ಮಾತು ನೆನಪಿಡಿ: ಗಂಡನಾಗಲಿ ಮಗನಾಗಲಿ ಕುಡುಕನಾದರೆ ಅನ್ನ ಹಾಕಬೇಡಿ. 1956ರ ಅಕ್ಟೋಬರ್‌ನಲ್ಲಿ ನಾಗಪುರದಲ್ಲಿ ಕೊಟ್ಟ 22 ಪ್ರತಿಜ್ಞೆಗಳಲ್ಲಿ 17ನೆಯದು ಇದೇ. ಮೇಲ್ಜಾತಿಯವರು ಮೆಚ್ಚಲಿ ಅಂತ ಅವರು ಹೇಳಲಿಲ್ಲ. ಅವರಲ್ಲೂ ಕುಡಿಯುವವರಿಗೆ ಬರವಿಲ್ಲ. ನಮ್ಮ ದುಡಿಮೆ, ನಮ್ಮ ಬುದ್ಧಿ ನಮ್ಮ ಕೈಯಲ್ಲೇ ಇರಲಿ ಎಂಬುದು ಅದರ ಹಿಂದಿನ ಕಾಳಜಿ.

ಆ ಉಪಾಸಕರಿಗೆ ನನ್ನ ಉತ್ತರ: ಯಾವ ವೈನೂ ಬೇಡಪ್ಪ. ಬೀಗರಿಗೆ ಈಗಲೇ, ಮುಖಕ್ಕೆ ಮುಖ ಕೊಟ್ಟು ಹೇಳಿಬಿಡಿ. ಕೊನೇ ದಿನ ಹೇಳಿದರೆ ಜಗಳ, ಮೊದಲೇ ಹೇಳಿದರೆ ಅದು ನಮ್ಮ ಪದ್ಧತಿ. ಬಾಡೂಟ ಇರಲಿ, ಕಬ್ಬಿನ ಹಾಲು, ಎಳನೀರು, ಮಜ್ಜಿಗೆ ಧಾರಾಳವಾಗಿ ಇರಲಿ. ಮಗನನ್ನು ಬೈಯಬೇಡಿ, ಕೂರಿಸಿಕೊಂಡು ಈ ಸಾಗತನ ಕಥೆ ಹೇಳಿ. ಎಲ್ಲೋ ಕುಡಿದು ಬಂದ ನೆಂಟನನ್ನು ಜನರೆದುರು ಅವಮಾನ ಮಾಡುವುದೂ ಬೇಡ. ಬೈಕಿನ ಕೀ ಇಸ್ಕೊಂಡು, ಜೊತೆಗೊಬ್ಬರನ್ನು ಕೊಟ್ಟು ಕಳಿಸಿ. ತೆರಕಣಾಂಬಿ ರಸ್ತೆಯಲ್ಲಿ ರಾತ್ರಿ ಒಬ್ಬನೇ ಹೋಗುವುದು ಬೇಡ.

ಒಂದಿಬ್ಬರು ಮುನಿಸಿಕೊಳ್ಳಬಹುದು. ಆ ಮುನಿಸು ಮುಂದಿನ ಹಬ್ಬದ ಹೊತ್ತಿಗೆ ಕರಗುತ್ತದೆ. ನನ್ನ ತಮ್ಮನ ಹೆಂಡತಿ ಆಡಿದ ಆ ಒಂದು ಮಾತು ಹನ್ನೊಂದು ವರ್ಷವಾದರೂ ಕರಗಿಲ್ಲ.

ಇಂದಿನ ಅಭ್ಯಾಸ: ನಮ್ಮ ಮನೆಯ ಮುಂದಿನ ಶುಭಕಾರ್ಯಕ್ಕೆ ಬರುವವರಲ್ಲಿ ಕುಡಿತ ಬಿಡಲು ಕಷ್ಟಪಡುತ್ತಿರುವ ಒಬ್ಬರನ್ನು ನೆನೆಯೋಣ. ಅವರು ನಮ್ಮ ಬಾಗಿಲಿಂದ ಹೇಗೆ ಬಂದರೋ ಹಾಗೇ ನೆಟ್ಟಗೆ ನಡೆದು ಹೋಗುವಂತೆ ಆ ಕಾರ್ಯ ಮಾಡೋಣ.

ಎಲ್ಲರಿಗೂ ಮಂಗಳವಾಗಲಿ.
ಸಾಧು, ಸಾಧು, ಸಾಧು 🙏
ಜೈ ಭೀಮ್